ಎರಡು ಅಂದವಳ ಪರವಾಗಿ, ಬಾಗಿಲ ಯಂತ್ರಕ್ಕೆ

ಮಾನ್ಯ ಕ್ಷೇಮ ಯಂತ್ರದವರಿಗೆ,
ಮುಖ್ಯ ಬಾಗಿಲು, ಕಾವಲುಗಾರರ ಕುರ್ಚಿಯ ಎಡಗಡೆ,
ಆಸ್ಪತ್ರೆ ಬಟ್ಟೆಗಳ ಲಾಂಡ್ರಿ.

ಮಾನ್ಯರೇ,

ತಮ್ಮ ಗಾಜಿನ ಮುಖಕ್ಕೂ, ಅದರ ಹಿಂದೆ ಕಾಣದಂತೆ ದುಡಿಯುತ್ತಿರುವ ತಂತಿ ಬಳಗಕ್ಕೂ, ತಮ್ಮನ್ನು ದಿನಕ್ಕೆರಡು ಬಾರಿ ಸ್ಪಿರಿಟ್ ಹಾಕಿ ಒರೆಸುವ ಕಾವಲುಗಾರರಿಗೂ ನನ್ನ ಗೌರವಪೂರ್ವಕ ನಮಸ್ಕಾರಗಳು. ತಾವು ಕಾಗದ ಓದುವುದಿಲ್ಲವೆಂದು ಕಚೇರಿಯವರು ತಿಳಿಸಿದ್ದಾರೆ. ಆದರೂ ತಮ್ಮ ಎದುರು ಮೂರು ನಿಮಿಷ ನಿಲ್ಲುವವರೆಲ್ಲರಿಗೂ ಓದು ಬರುತ್ತದೆ ಎಂಬ ಧೈರ್ಯದಿಂದ ಇದನ್ನು ತಮ್ಮ ಪಕ್ಕದ ಗೋಡೆಗೆ, ಕೈತೊಳೆಯುವ ವಿಧಾನದ ಚಿತ್ರಪಟದ ಕೆಳಗೆ ಅಂಟಿಸುತ್ತಿದ್ದೇನೆ. ಅಂಟು ಲಾಂಡ್ರಿಯದಲ್ಲ, ನನ್ನದೇ.

ಮೊದಲು ನನ್ನ ಪರಿಚಯ. ನಾನು ಮಡಿಸುವ ವಿಭಾಗದಲ್ಲಿ ಹತ್ತೊಂಬತ್ತು ವರ್ಷಗಳಿಂದ ಮೂರನೇ ಮೇಜಿನ ಈಚೆ ತುದಿಯಲ್ಲಿ ನಿಂತಿರುವ ಹೆಂಗಸು. ಬೆಳಿಗ್ಗೆ ಆರೂವರೆಗೆ ತಮ್ಮೆದುರಿನ ಸಾಲಿನಲ್ಲಿ ಹದಿಮೂರನೆಯವಳೋ ಹದಿನಾಲ್ಕನೆಯವಳೋ ಆಗಿರುತ್ತೇನೆ. ಹಸಿರು ಮಾಸ್ಕು, ಉಸಿರಿನ ಮಂಜು ಹಿಡಿದ ಕನ್ನಡಕ. ನನ್ನ ಹಣೆಯ ಬಿಸಿ ತಮಗೆ ಕಂಠಪಾಠವಾಗಿರಬೇಕು. ಮನೆಯಲ್ಲಿ ಯಜಮಾನರಿದ್ದಾರೆ, ಶಾಲಾ ಬಸ್ಸಿನ ಚಾಲಕರು. ಶಾಲೆಗಳು ಮುಚ್ಚಿದಾಗಿನಿಂದ ದಿನವೂ ಬೆಳಿಗ್ಗೆ ಶೆಡ್ಡಿಗೆ ಹೋಗಿ, ಖಾಲಿ ಬಸ್ಸಿನ ಇಂಜಿನ್ನು ಚಾಲೂ ಮಾಡಿ, ಹತ್ತು ನಿಮಿಷ ಸೀಟಿನಲ್ಲಿ ಕೂತು, ಆರಿಸಿ ಬರುತ್ತಾರೆ. ಹಾಗೆ ಮಾಡದಿದ್ದರೆ ಬ್ಯಾಟರಿ ಕುಸಿದುಹೋಗುತ್ತದಂತೆ. ಯಾರ ಬ್ಯಾಟರಿ ಎಂದು ನಾನು ವಿಚಾರಿಸಿಲ್ಲ.

ಈ ಮಹಾಮಾರಿ ಶುರುವಾದ ಮೇಲೆ ಲೋಕದಲ್ಲಿ ಎಲ್ಲರ ಮನಸ್ಸೂ ಕೆಟ್ಟಿದೆ ಎಂಬ ವರದಿಯನ್ನು ಓದಿ ನಮ್ಮ ಕಂಪನಿಯವರು ಮರುಗಿ, ನಲವತ್ತೆರಡು ದೇಶಗಳ ಲಾಂಡ್ರಿಗಳ ಬಾಗಿಲಲ್ಲಿ ಒಂದೇ ದಿನ ತಮ್ಮನ್ನು ಪ್ರತಿಷ್ಠಾಪಿಸಿದರು. ಅದಕ್ಕೆ ನಾವು ಚಿರಋಣಿಗಳು. ಅಲ್ಲಿಯವರೆಗೆ ನಮ್ಮ ಬಾಗಿಲಲ್ಲಿ ಕೇಳುತ್ತಿದ್ದುದು ತಡ ಯಾಕಾಯಿತು ಎಂಬ ಒಂದೇ ಪ್ರಶ್ನೆ. ತಾವು ಬಂದ ಮೇಲೆ ಹಣೆಯ ಬಿಸಿಯನ್ನು ನೋಡಿ, ಬಳಿಕ ಜೇನಿನಂಥ ದನಿಯಲ್ಲಿ, ಇಂದು ತಮ್ಮ ಮನಸ್ಸು ಹೇಗಿದೆ, ದಯವಿಟ್ಟು ಒಂದರಿಂದ ಹತ್ತರೊಳಗೆ ಅಂಕ ಹೇಳಿ, ಎಂದು ಕೇಳತೊಡಗಿದಿರಿ. ಮೊದಲ ದಿನ ನಮ್ಮ ಸಾಲಿನಲ್ಲಿ ನಾಲ್ಕು ಮಂದಿಗೆ ಕಣ್ಣು ತುಂಬಿಬಂತು. ಪ್ರಶ್ನೆ ಇಷ್ಟು ಚೆನ್ನಾಗಿದೆಯೆಂದರೆ ಉತ್ತರವನ್ನು ಕೇಳುವವರೂ ಯಾರೋ ಒಳಗಿರಬೇಕು ಎಂದುಕೊಂಡೆವು.

ಎರಡನೆಯ ವಾರದ ಹೊತ್ತಿಗೆ ನಮಗೆ ಲೆಕ್ಕ ತಿಳಿಯಿತು. ಹತ್ತು ಎಂದರೆ ತಾವು ನಂಬುವುದಿಲ್ಲ, ಹಣೆಯ ಬಿಸಿಯನ್ನು ಮತ್ತೊಮ್ಮೆ ನೋಡುತ್ತೀರಿ. ಎಂಟು, ಒಂಬತ್ತು ಎಂದರೆ ಇನ್ನೂ ಕಷ್ಟ. ಒಣಗಿಸುವ ವಿಭಾಗದಲ್ಲಿ ನಾವು ಹಬೆಯಣ್ಣ ಎಂದು ಕರೆಯುವ ಸಜ್ಜನರೊಬ್ಬರಿದ್ದಾರೆ. ಕೇಳಿದ್ದಾರಲ್ಲ, ಮರ್ಯಾದೆಗೆ ಚೆನ್ನಾಗಿಯೇ ಹೇಳೋಣ ಎಂದು ಒಂಬತ್ತು ಅಂದುಬಿಟ್ಟರು. ಅದೇ ಮಧ್ಯಾಹ್ನ ಅವರನ್ನು ಕಚೇರಿಗೆ ಕರೆಸಿ, ನಲವತ್ತೆರಡು ದೇಶಗಳ ನೌಕರರೆದುರು ಪರದೆಯ ಮೇಲೆ ನಿಲ್ಲಿಸಿ, ನನ್ನ ನೆಮ್ಮದಿಯ ಗುಟ್ಟು ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತಾಡಿ ಎಂದರು. ಹಬೆಯಣ್ಣ ಎರಡು ನಿಮಿಷ ಟವೆಲ್ ಒಣಗಿಸುವ ಬಗ್ಗೆ ಮಾತಾಡಿ, ಉಳಿದ ಎಂಟು ನಿಮಿಷ ಕೈಮುಗಿದುಕೊಂಡು ನಿಂತಿದ್ದರಂತೆ. ಐದು, ಆರು ಎಂದರೆ ತಾವು ಅಲ್ಲೇ ನಿಲ್ಲಿಸಿ ಮೂರು ನಿಮಿಷ ಉಸಿರಾಟದ ಪಾಠ ಮಾಡುತ್ತೀರಿ. ಹಿಂದೆ ನಿಂತವರಿಗೆ ತಡವಾಗಿ, ಅವರೆಲ್ಲ ಉಸಿರು ಬಿಗಿಹಿಡಿದು ನಮ್ಮ ಬೆನ್ನನ್ನೇ ನೋಡುತ್ತಿರುತ್ತಾರೆ. ನಾಲ್ಕು ಎಂದರೆ ಸೂರ್ಯೋದಯದ ಚಿತ್ರವನ್ನು ಕೊನೆಯವರೆಗೆ ನೋಡಬೇಕು. ನಾಲ್ಕಕ್ಕಿಂತ ಕೆಳಗೆ ಹೋದರೆ ಕೆಂಪು ದೀಪ ಹತ್ತಿ ಬಾಗಿಲು ತೆರೆಯುವುದೇ ಇಲ್ಲ, ಮನೆಗೆ ಕಳಿಸುತ್ತೀರಿ. ಹೀಗೆ ಅಳೆದು ಸುರಿದು ನೋಡಿದ ಮೇಲೆ ಉಳಿದದ್ದು ಏಳು. ನಾವೆಲ್ಲರೂ ಏಳಕ್ಕೆ ಬಂದು ನಿಂತೆವು.

ಇದು ನಮ್ಮೊಬ್ಬರ ಕಥೆಯಿರಬೇಕು ಎಂದುಕೊಂಡು ಕೊಂಚ ನಾಚಿಕೆಯೂ ಆಗಿತ್ತು. ನನ್ನ ನಾದಿನಿ ಎರಡು ಸಮುದ್ರ ದಾಟಿ ಬೇರೊಂದು ದೇಶದಲ್ಲಿ, ಇದೇ ಕಂಪನಿಯ ಲಾಂಡ್ರಿಯಲ್ಲಿ, ದಿಂಬಿನ ಚೀಲಗಳ ವಿಭಾಗದಲ್ಲಿದ್ದಾಳೆ. ಅಲ್ಲಿ ಹಗಲಾದಾಗ ನಮಗೆ ಸಂಜೆ. ಭಾಷೆ ಬೇರೆ, ಹವೆ ಬೇರೆ. ಫೋನಿನಲ್ಲಿ ಹಗುರವಾಗಿ ವಿಚಾರಿಸಿದೆ. "ಇಲ್ಲೂ ಏಳೇ ಅತ್ತಿಗೆ, ಪಕ್ಕದವಳಿಗೆ ನನ್ನ ಭಾಷೆ ಬರಲ್ಲ, ಆದ್ರೆ ಅವಳ ಭಾಷೇಲಿ ಏಳಕ್ಕೆ ಏನಂತಾರೆ ಅಂತ ನಂಗೆ ಬಂತು" ಎಂದಳು. ಲೋಕವೆಲ್ಲ ಒಂದೇ ಕುಟುಂಬ ಎಂಬುದನ್ನು ನಾನು ಆವರೆಗೆ ಭಾಷಣದ ಮಾತು ಎಂದುಕೊಂಡಿದ್ದೆ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಮೂರು ತಿಂಗಳು ಒಂದೇ ಸಮನೆ ಏಳು ಬಂದದ್ದನ್ನು ನೋಡಿ ಪ್ರಧಾನ ಕಚೇರಿಯವರು ನಮ್ಮ ಶಾಖೆಗೆ ಸ್ಥಿರಚಿತ್ತದ ಶಾಖೆ ಎಂಬ ಪ್ರಶಸ್ತಿಪತ್ರವನ್ನು ಕಟ್ಟು ಹಾಕಿಸಿ ಕಳಿಸಿದರು. ಒಗೆಯುವ ಕೋಣೆಯಲ್ಲಿ ದೊಡ್ಡ ಡ್ರಮ್ಮುಗಳ ಮೇಲುಗಡೆ ಅದನ್ನು ತೂಗುಹಾಕಿದ್ದಾರೆ. ಹಬೆ ಒಳಗೆ ಸೇರಿ ಅಕ್ಷರಗಳು ಕೆಳಗಿಳಿಯುತ್ತಿವೆ, ಸಹಿ ಆಗಲೇ ಅಂಚು ದಾಟಿದೆ.

ಈಗ ದೂರಿಗೆ ಬರುತ್ತೇನೆ. ಅದಕ್ಕೆ ಮೊದಲು ಬೆಡ್‌ಶೀಟು ಮಡಿಸುವುದು ಹೇಗೆಂದು ತಮಗೆ ಹೇಳಬೇಕು. ಕೈಗಳಿಲ್ಲದವರ ಮುಂದೆ ಈ ಮಾತೆತ್ತುವುದು ಒರಟುತನವಾದರೆ ಹೊಟ್ಟೆಗೆ ಹಾಕಿಕೊಳ್ಳಿ. ಬೆಡ್‌ಶೀಟು ಒಬ್ಬರ ಕೆಲಸವಲ್ಲ. ಇಸ್ತ್ರಿಯ ರೋಲರಿನಿಂದ ಬಿಸಿಯಾಗಿ ಹೊರಬೀಳುತ್ತಿದ್ದಂತೆ ಇಬ್ಬರು ಎರಡು ತುದಿ ಹಿಡಿದು, ಹಿಂದಕ್ಕೆ ಸರಿದು, ಒಮ್ಮೆ ಜಗ್ಗಿ, ಅಂಚಿಗೆ ಅಂಚು ಕೂಡಿಸಿ, ಮತ್ತೊಮ್ಮೆ ಜಗ್ಗಿ, ಆಮೇಲೆ ಒಬ್ಬರ ಕಡೆಗೊಬ್ಬರು ನಾಲ್ಕು ಹೆಜ್ಜೆ ನಡೆದು ಬಂದು ತಮ್ಮ ತುದಿಯನ್ನು ಇನ್ನೊಬ್ಬರ ಕೈಗೆ ಒಪ್ಪಿಸಬೇಕು. ದಿನಕ್ಕೆ ಆರುನೂರು ಶೀಟು. ಆರುನೂರು ಸಲ ದೂರ ಸರಿದು ಆರುನೂರು ಸಲ ಹತ್ತಿರ ಬರುವುದು ಗಂಡಹೆಂಡಿರಿಗೂ ಸಾಧ್ಯವಿಲ್ಲ.

ನನ್ನ ಮೇಜಿನ ಆಚೆ ತುದಿಯಲ್ಲಿ ಹತ್ತೊಂಬತ್ತು ವರ್ಷ ನಿಂತವಳು ಅಂಚಕ್ಕ. ಅದು ಹೆತ್ತವರಿಟ್ಟ ಹೆಸರಲ್ಲ. ಅಂಚಿಗೆ ಅಂಚು ಒಂದು ಎಳೆಯಷ್ಟೂ ಆಚೀಚೆ ಆಗಲು ಬಿಡದವಳಾದ್ದರಿಂದ ವಿಭಾಗವೇ ಸೇರಿ ಇಟ್ಟದ್ದು. ನನಗಿಂತ ಮೂರು ವರ್ಷ ದೊಡ್ಡವಳು, ಮಾತು ಕಡಿಮೆ. ರೋಲರಿನ ಸದ್ದಿನಲ್ಲಿ ಮಾತಾಡಿದರೂ ಕೇಳುವುದಿಲ್ಲವಾದ್ದರಿಂದ ಅದೊಂದು ಕೊರತೆಯಾಗಿರಲಿಲ್ಲ. ಅವಳು ಜಗ್ಗುವ ರೀತಿಯಲ್ಲೇ ನನಗೆಲ್ಲ ಗೊತ್ತಾಗುತ್ತಿತ್ತು. ಗಟ್ಟಿಯಾಗಿ ಜಗ್ಗಿದರೆ ಮನೆಯಲ್ಲಿ ಜಗಳವಾಗಿದೆ. ಮೆತ್ತಗೆ ಜಗ್ಗಿದರೆ ಸೊಂಟ ಹಿಡಿದಿದೆ. ಜಗ್ಗಿ ಒಂದು ಕ್ಷಣ ಹಾಗೇ ಹಿಡಿದಿಟ್ಟರೆ ಏನೋ ಹೇಳುವುದಿದೆ, ಚಹಾದ ಹೊತ್ತಿಗೆ ಹೇಳುತ್ತಾಳೆ. ನನ್ನ ಜಗ್ಗಾಟದಿಂದ ಅವಳಿಗೂ ನನ್ನ ಮನೆಯ ಸುದ್ದಿ ಹೋಗುತ್ತಿತ್ತು. ಇದಕ್ಕೆ ನಾವು ಯಾವ ಅಂಕವನ್ನೂ ಕೊಟ್ಟಿರಲಿಲ್ಲ.

ರೋಗ ಬಂದ ಹೊಸದರಲ್ಲಿ ಸೂಪರ್‌ವೈಸರ್ ಸಾಹೇಬರು ನೆಲದ ಮೇಲೆ ಆರಾರು ಅಡಿಗೊಂದು ಹಳದಿ ಪಟ್ಟಿ ಅಂಟಿಸಿದರು. ಅದು ಸರಿಯೇ. ಆಸ್ಪತ್ರೆಯ ಮೂಟೆಗಳನ್ನು ಬಿಚ್ಚುವ ನಮಗೆ ರೋಗವೇನೆಂದು ಯಾರೂ ಕಲಿಸಬೇಕಾಗಿರಲಿಲ್ಲ. ಆದರೆ ಆ ಕೊನೆಯ ನಾಲ್ಕು ಹೆಜ್ಜೆ ನಿಯಮಕ್ಕೆ ವಿರುದ್ಧವೆಂದು ಕಂಡುಬಂದು, ಪ್ರತಿಯೊಬ್ಬರಿಗೂ ಒಂದೊಂದು ಕಬ್ಬಿಣದ ಸ್ಟ್ಯಾಂಡು ಕೊಟ್ಟರು. ಅದರ ಎರಡು ಕ್ಲಿಪ್ಪುಗಳಿಗೆ ಶೀಟಿನ ಒಂದು ತುದಿಯನ್ನು ಸಿಕ್ಕಿಸಿ ಒಬ್ಬೊಬ್ಬರೇ ಮಡಿಸಬೇಕು. ಸ್ಟ್ಯಾಂಡು ಒಳ್ಳೆಯ ಕೆಲಸಗಾರ. ರಜೆ ಕೇಳುವುದಿಲ್ಲ, ಕೆಮ್ಮುವುದಿಲ್ಲ. ನಾನು ಎಷ್ಟು ಜಗ್ಗಿದರೂ ತಿರುಗಿ ಜಗ್ಗುವುದಿಲ್ಲ ಎಂಬುದೊಂದೇ ಅದರ ಕುಂದು. ಅಂಚಕ್ಕ ಕೋಣೆಯ ಆ ಗೋಡೆಗೆ ಅವಳ ಸ್ಟ್ಯಾಂಡಿನೊಡನೆ, ನಾನು ಈ ಗೋಡೆಗೆ ನನ್ನದರೊಡನೆ, ಬೆನ್ನಿಗೆ ಬೆನ್ನು ಕೊಟ್ಟು ನಿಂತೆವು.

ಅದಾಗಿ ಆರನೇ ವಾರಕ್ಕೆ ಅವಳ ಅಕ್ಕ ಮಲಗಿದರು. ನಾವೆಲ್ಲ ಅವರನ್ನು ದೊಡ್ಡಕ್ಕ ಎನ್ನುತ್ತಿದ್ದೆವು. ಮೂರನೇ ಮಹಡಿಯ ಒಂದೇ ಕೋಣೆಯಲ್ಲಿ ಅಕ್ಕತಂಗಿ ಇಬ್ಬರೂ ಇಪ್ಪತ್ತೆರಡು ವರ್ಷ ಒಟ್ಟಿಗಿದ್ದು, ಇಪ್ಪತ್ತೆರಡು ವರ್ಷವೂ ಒಂದು ಕಿಟಕಿಯ ಬಗ್ಗೆ ಜಗಳವಾಡಿದವರು. ದೊಡ್ಡಕ್ಕನಿಗೆ ಅದು ತೆರೆದಿರಬೇಕು, ಅಂಚಕ್ಕನಿಗೆ ಮುಚ್ಚಿರಬೇಕು. ದೊಡ್ಡಕ್ಕನನ್ನು ಸೇರಿಸಿದ್ದು ನಾವು ಯಾರ ಶೀಟು ಒಗೆಯುತ್ತೇವೋ ಅದೇ ಆಸ್ಪತ್ರೆಗೆ. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಆ ಒಂಬತ್ತು ದಿನ ಅಂಚಕ್ಕ ತಾನು ಮಡಿಸಿದ ಒಂದೊಂದು ಶೀಟನ್ನೂ ಅಂಗೈಯಿಂದ ಒಮ್ಮೆ ಸವರಿ ಪೇರಿಸುತ್ತಿದ್ದಳು, ಯಾವುದು ಯಾರ ಮೈಕೆಳಗೆ ಹೋಗುತ್ತದೋ ಗೊತ್ತಿರಲಿಲ್ಲವಲ್ಲ. ಹತ್ತನೆಯ ದಿನ ಫೋನು ಬಂತು. ಮತ್ತೆ ಮೂರು ದಿನಕ್ಕೆ ಅವಳು ಕೆಲಸಕ್ಕೆ ಬಂದು ತಮ್ಮ ಮುಂದೆ ನಿಂತು ಏಳು ಎಂದಳು. ತಾವು ಹಸಿರು ದೀಪ ಹತ್ತಿಸಿ, ಶುಭದಿನವಾಗಲಿ ಎಂದಿರಿ.

ಇಲ್ಲಿ ನಾನೊಂದು ತಪ್ಪನ್ನು ಒಪ್ಪಿಕೊಳ್ಳಬೇಕಿದೆ. ಬೇರೆಯವರ ಮೇಲೆ ದೂರು ಬರೆಯುವಾಗ ಸ್ವಂತದ್ದನ್ನು ಮಧ್ಯದಲ್ಲಿ ಸೇರಿಸಿಬಿಟ್ಟರೆ ಕಣ್ಣಿಗೆ ಬೀಳುವುದಿಲ್ಲ ಎಂಬ ಭರವಸೆಯಿಂದ ಇಲ್ಲಿಟ್ಟಿದ್ದೇನೆ. ಅವಳು ಮರಳಿ ಬಂದ ವಾರದಲ್ಲಿ, ಪೇರಿಸಿದ ಶೀಟುಗಳನ್ನು ಗಾಡಿಗೆ ತುಂಬುವಾಗ, ಅವಳ ಪೇರಿಯಲ್ಲಿ ಅಂಚುಗಳು ಎರಡು ಬೆರಳಷ್ಟು ಜಾರಿದ್ದನ್ನು ನೋಡಿದೆ. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಕಂಡಿರದ ಸಂಗತಿ. ಮರುದಿನ ಮೂರು ಬೆರಳು. ಸೂಪರ್‌ವೈಸರ್ ಕಣ್ಣಿಗೆ ಬಿದ್ದರೆ ಅವಳಿಗೆ ಮಾತು ಬರುತ್ತದೆಂದು, ಚಹಾದ ಹೊತ್ತಿನಲ್ಲಿ ಅವಳ ಶೀಟುಗಳನ್ನು ಬಿಚ್ಚಿ ನಾನೇ ಮತ್ತೆ ಮಡಿಸಿಟ್ಟೆ. ಹೀಗೆ ಹನ್ನೊಂದು ವಾರ. ಚಹಾ ಕುಡಿಯುತ್ತ ಅವಳ ಪಕ್ಕದಲ್ಲಿ ಕೂರಬೇಕಾದ ಹೊತ್ತಿನಲ್ಲಿ ಅವಳ ಶೀಟುಗಳ ಪಕ್ಕದಲ್ಲಿ ನಿಂತಿದ್ದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅಂಚುಗಳನ್ನೆಲ್ಲ ಸರಿಮಾಡಿದೆ, ಹೇಗಿದ್ದೀಯ ಎಂದು ಅವಳನ್ನು ಒಂದು ಮಾತು ಕೇಳಲಿಲ್ಲ.

ಹನ್ನೊಂದನೆಯ ವಾರದ ಮಂಗಳವಾರ ಸಾಲಿನಲ್ಲಿ ಅವಳು ನನ್ನ ಮುಂದೆಯೇ ಇದ್ದಳು. ತಾವು ಎಂದಿನಂತೆ ಕೇಳಿದಿರಿ. ಅವಳು ಮಾಸ್ಕನ್ನು ಸ್ವಲ್ಪ ಸರಿಪಡಿಸಿಕೊಂಡು, ಅಂಗಡಿಯಲ್ಲಿ ಸೋಪು ಕೇಳುವ ದನಿಯಲ್ಲಿ, ಎರಡು ಎಂದಳು. ಕೆಂಪು ದೀಪ ಹತ್ತಿತು. ಗಾಜಿನ ಮೇಲೆ ಬಣ್ಣಬಣ್ಣದ ಹೂಪಕಳೆಗಳು ಉದುರಿದವು. ತಮ್ಮ ಪ್ರಾಮಾಣಿಕತೆಗೆ ಧನ್ಯವಾದಗಳು ಎಂದು ತಾವು ನುಡಿದು, ಕೆಳಗಿನ ಸೀಳಿನಿಂದ ಹದಿನಾಲ್ಕು ದಿನಗಳ ಮನೋವಿಶ್ರಾಂತಿಯ ಚೀಟಿಯನ್ನು ದಯಪಾಲಿಸಿದಿರಿ. ಮೂರು ತಿಂಗಳಲ್ಲಿ ನಿಜ ಹೇಳಿದ ಒಬ್ಬಳೇ ಒಬ್ಬಳನ್ನು ತಾವು ಕೂಡಲೇ ಗುರುತಿಸಿ ಹೊರಗಿಟ್ಟಿರಿ. ಈ ಚುರುಕುತನವನ್ನು ನಾನು ಬೇರೆ ಯಾವ ಅಧಿಕಾರಿಯಲ್ಲೂ ಕಂಡಿಲ್ಲ.

ಯಾಕೆ ಹಾಗಂದೆ ಎಂದು ನಾನು ಆಮೇಲೆ ಫೋನಿನಲ್ಲಿ ಕೇಳಿದೆ. ಸಿಟ್ಟಿನಿಂದಲೇ ಕೇಳಿದೆ. ಅವಳು ಕೊಟ್ಟ ಉತ್ತರವನ್ನು ತಮ್ಮ ಹೆಗ್ಗಳಿಕೆಗಾಗಿ ಇಲ್ಲಿ ಬರೆಯಲೇಬೇಕು. "ಅಕ್ಕ ಹೋದ್ಮೇಲೆ ಹೇಗಿದ್ದೀಯ ಅಂತ ಬಾಯಿಬಿಟ್ಟು ಕೇಳ್ತಿರೋದು ಅದೊಂದೇ ಕಣೇ. ದಿನಾ ಕೇಳುತ್ತೆ. ದಿನಾ ಸುಳ್ಳು ಹೇಳಕ್ಕೆ ನಂಗೇ ನಾಚಿಕೆ ಆಯ್ತು" ಎಂದಳು. ಮಾನ್ಯರೇ, ಕಬ್ಬಿಣ ಮತ್ತು ಗಾಜಿನಿಂದ ಆದ ತಾವು ಮಾಡಿದ ಕೆಲಸವನ್ನು ಹತ್ತೊಂಬತ್ತು ವರ್ಷದ ಗೆಳತಿ ಮಾಡಿರಲಿಲ್ಲ. ಈ ಪತ್ರದಲ್ಲಿ ನಾನು ತಮಗೆ ಸಲ್ಲಿಸಿರುವ ಹೊಗಳಿಕೆಗಳಲ್ಲಿ ಇದೊಂದು ಮಾತ್ರ ಅಪ್ಪಟ ನಿಜ, ಮತ್ತು ಇದನ್ನು ಬರೆಯುವಾಗ ನನಗೆ ಬಹಳ ಸಂಕಟವಾಯಿತು.

ಇನ್ನು ತಮ್ಮ ವಿಶ್ರಾಂತಿಯ ಏರ್ಪಾಡು. ಅಕ್ಕನಿಲ್ಲದ ಕೋಣೆಯಲ್ಲಿ ಇರಲಾಗದೆ ಕೆಲಸಕ್ಕೆ ಬರುತ್ತಿದ್ದವಳನ್ನು, ಮನಸ್ಸು ಸರಿಯಿಲ್ಲವೆಂದು, ಅಕ್ಕನಿಲ್ಲದ ಕೋಣೆಯಲ್ಲೇ ಹಗಲಿಡೀ ಇರಿಸಲಾಯಿತು. ತಲೆನೋವಿಗೆ ಕಾಲಿಗೆ ಪಟ್ಟಿ ಕಟ್ಟಿದರೂ ಕಾಲಿಗೆ ಬೆಚ್ಚಗಾದರೂ ಆಗುತ್ತದೆ. ದಿನವೂ ಒಂಬತ್ತು ಗಂಟೆಗೆ ತಾವೇ ಅವಳಿಗೆ ಫೋನು ಮಾಡಿ ಅಂಕ ಕೇಳುತ್ತೀರಿ. ಸತತ ಏಳು ದಿನ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಹೇಳಿದರೆ ಮಾತ್ರ ಕೆಲಸಕ್ಕೆ ಬರಬಹುದು. ಅವಳು ಎರಡು ಎನ್ನುತ್ತಾಳೆ. ತಾವು ಜಲಪಾತದ ಸದ್ದು ಕೇಳಿಸಿ, ಹಕ್ಕಿಗಳ ಸದ್ದು ಕೇಳಿಸಿ, ವಿಶ್ರಾಂತಿಯನ್ನು ವಿಸ್ತರಿಸುತ್ತೀರಿ. ಮನುಷ್ಯರೊಬ್ಬರೊಡನೆ ಮಾತಾಡಬೇಕಾದರೆ ಸೊನ್ನೆ ಒತ್ತಿ ಎಂದಿರಿ, ಒತ್ತಿದಳು. ನಲವತ್ತೆರಡು ದೇಶಗಳ ಸರದಿಯಲ್ಲಿ ತಾವು ನಾಲ್ಕು ಸಾವಿರದ ಮುನ್ನೂರ ಹನ್ನೆರಡನೆಯವರು, ದಯವಿಟ್ಟು ಕಾಯಿರಿ, ಎಂದು ಬಂತಂತೆ. ಏಳು ಎನ್ನದವರು ಲೋಕದಲ್ಲಿ ಇಷ್ಟು ಮಂದಿ ಇದ್ದಾರೆಂಬುದೇ ಅವಳಿಗೆ ಸ್ವಲ್ಪ ಸಮಾಧಾನ ಕೊಟ್ಟಿತು ಎಂದಳು.

ನಾನು ಬುದ್ಧಿ ಹೇಳಲು ಹೋದೆ. ನಾವೆಲ್ಲ ಹೇಳುವುದಿಲ್ಲವೇ, ಏಳು ದಿನ ಏಳು ಎಂದುಬಿಡು, ಬಾಯಿ ಸವೆಯುತ್ತದೆಯೇ ಎಂದೆ. "ನಮ್ಮಕ್ಕ ಹೋಗಿರೋದಕ್ಕೆ ಏಳು ಅನ್ನಕ್ಕಾಗಲ್ಲ ಕಣೇ. ಬೇರೆ ಏನಕ್ಕಾದ್ರೂ ಅಂತೀನಿ" ಎಂದಳು. ಅಂಚು ಜಾರಿದ್ದು ಶೀಟಿನಲ್ಲಿ ಮಾತ್ರ, ಅವಳಲ್ಲಿ ಅಲ್ಲ ಎಂಬುದು ನನಗೆ ಆಗ ತಿಳಿಯಿತು. ಆದರೆ ದನಿ ಬಾವಿಯಾಳದಿಂದ ಬಂದಂತಿತ್ತು. ಊಟ ಮಾಡಿದೆಯಾ ಎಂದರೆ ನೆನಪಿಲ್ಲ ಎಂದಳು. ನನಗೆ ಹೆದರಿಕೆಯಾಯಿತು. ಸುಮ್ಮನೆ ಬರೆಯುತ್ತಿಲ್ಲ, ನಿಜವಾಗಿ ಹೆದರಿಕೆಯಾಯಿತು.

ಮರುದಿನ ಪಾಳಿ ಮುಗಿದ ಮೇಲೆ ಮನೆಯ ಬೆಡ್‌ಶೀಟನ್ನು, ಅದರ ಮೇಲೆ ಕೂತಿದ್ದ ಯಜಮಾನರನ್ನು ಎಬ್ಬಿಸಿ, ಚೀಲಕ್ಕೆ ತುಂಬಿಕೊಂಡು ಅವಳಲ್ಲಿಗೆ ಹೋದೆ. ಒಳಗೆ ಹೋಗುವಂತಿಲ್ಲ, ನಿಯಮ ನನಗೂ ಗೊತ್ತು. ಅವಳ ಕೋಣೆಯ ಬಾಗಿಲಿಗೂ ಮೆಟ್ಟಿಲಿನ ಕಟಕಟೆಗೂ ನಡುವೆ ಸುಮಾರು ಎಂಟು ಅಡಿ ಜಾಗವಿದೆ. ಬಾಗಿಲು ತೆರೆದಳು. ತಲೆ ಬಾಚಿರಲಿಲ್ಲ. ನಾನು ಶೀಟಿನ ಒಂದು ತುದಿಯನ್ನು ಅವಳ ಕಡೆಗೆ ಎಸೆದೆ. ಅವಳು ಅದನ್ನು ಹಿಡಿದಳು, ಹಿಡಿಯದೆ ಇರಲು ಅವಳ ಕೈಗಳಿಗೆ ಬರುವುದಿಲ್ಲ. ನಾನು ಜಗ್ಗಿದೆ. ಆ ಕಡೆಯಿಂದ ಏನೂ ಬರಲಿಲ್ಲ, ಸ್ಟ್ಯಾಂಡಿಗೆ ಕಟ್ಟಿದ ಹಾಗೇ ಇತ್ತು. ಮತ್ತೆ ಬಿಚ್ಚಿ, ಮತ್ತೆ ಜಗ್ಗಿದೆ. ಹೀಗೆ ಒಂಬತ್ತು ಸಲವೋ ಹತ್ತು ಸಲವೋ. ಕೊನೆಗೆ ಅವಳು ಜಗ್ಗಿದಳು ನೋಡಿ, ನನ್ನ ಒಂದು ಚಪ್ಪಲಿ ಅಲ್ಲೇ ಉಳಿದು ನಾನು ಒಂದು ಹೆಜ್ಜೆ ಮುಂದೆ ಹೋದೆ. "ಅಂಚು ನೋಡ್ಕೊಂಡು ಹಿಡಿಯಕ್ಕಾಗಲ್ವಾ ನಿಂಗೆ" ಎಂದಳು. ಎಂದವಳು ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತಳು. ನಾನು ನನ್ನ ತುದಿಯನ್ನು ಬಿಡಲಿಲ್ಲ, ಅವಳೂ ಬಿಡಲಿಲ್ಲ. ಅಷ್ಟು ಹೊತ್ತು ಒಬ್ಬರೂ ಆರಡಿಯ ನಿಯಮವನ್ನು ಮುರಿಯಲಿಲ್ಲ ಎಂಬುದನ್ನು ತಮ್ಮ ದಾಖಲೆಗಾಗಿ ತಿಳಿಸುತ್ತೇನೆ.

ಅಂದಿನಿಂದ ದಿನವೂ ಸಂಜೆ ಹೋಗುತ್ತಿದ್ದೇನೆ. ಕೊನೆಯ ಮಡಿಕೆಗೂ ದಾರಿ ಕಂಡುಕೊಂಡಿದ್ದೇವೆ. ನಾನು ನಾಲ್ಕು ಮೆಟ್ಟಿಲು ಕೆಳಗಿಳಿದು ನಿಲ್ಲುತ್ತೇನೆ, ಅವಳು ತನ್ನ ತುದಿಯನ್ನು ಕಟಕಟೆಯ ಮೇಲೆ ಹಾಕಿ ಬಾಗಿಲಿಗೆ ಹಿಂದೆ ಸರಿಯುತ್ತಾಳೆ, ಆಮೇಲೆ ನಾನು ಮುಂದೆ ಬಂದು ನನ್ನದನ್ನು ಅದಕ್ಕೆ ಕೂಡಿಸುತ್ತೇನೆ. ನಾಲ್ಕು ಹೆಜ್ಜೆಯೂ ಉಳಿಯಿತು, ಆರಡಿಯೂ ಉಳಿಯಿತು. ಒಂದೇ ಶೀಟನ್ನು ನಲವತ್ತು ಸಲ ಬಿಚ್ಚಿ ನಲವತ್ತು ಸಲ ಮಡಿಸುತ್ತೇವೆ. ನಾಲ್ಕನೆಯ ದಿನ ಎರಡನೇ ಮಹಡಿಯ ನಿವೃತ್ತ ಅಂಚೆಯವರು ಮಾಸ್ಕು ಹಾಕಿಕೊಂಡು ಮೆಟ್ಟಿಲ ತಿರುವಿನಲ್ಲಿ ನಿಂತು, ಕೆಮ್ಮಿದರೆ ಎಲ್ಲಿ ಅಪಾರ್ಥವಾದೀತೋ ಎಂದು ಗೋಡೆ ತಟ್ಟಿ, ತಮ್ಮದೂ ಒಂದು ಶೀಟು ಇದೆ, ಆಚೆ ತುದಿ ಹಿಡಿಯುವವರಿಲ್ಲ, ತರಬಹುದೇ ಎಂದು ಕೇಳಿದರು. ತಂದರು. ಅವರಿಗೆ ಮಡಿಸಲು ಬರುವುದಿಲ್ಲ. ಇಡೀ ಆಯುಷ್ಯ ಮಡಿಸಿದ ಕಾಗದವನ್ನೇ ಹಂಚಿದವರು ಹೀಗೆ ಮುದ್ದೆ ಮಾಡಿದರೆ ಹೇಗೆ ಎಂದು ಅಂಚಕ್ಕ ಗದರಿದಳು. ಅವರು ಈಗ ದಿನವೂ ಗದರಿಸಿಕೊಳ್ಳಲು ಸರಿಯಾಗಿ ಆರು ಗಂಟೆಗೆ ಹಾಜರು.

ಮೊನ್ನೆ, ವಿಶ್ರಾಂತಿಯ ಮೂವತ್ತಮೂರನೆಯ ದಿನ, ಅಂಚಕ್ಕ ತಮಗೆ ಮೂರು ಎಂದಳು. ತಮಗೆ ನೆನಪಿರಬೇಕು, ಎಲ್ಲವೂ ದಾಖಲಾಗುತ್ತದಲ್ಲ. ಯಾಕೆ ಮೂರು ಎಂದರೆ, ಹಿಂದಿನ ದಿನ ಕಿಟಕಿ ಮುಚ್ಚಿದಳಂತೆ. ದೊಡ್ಡಕ್ಕ ಹೋದಾಗಿನಿಂದ ಅದನ್ನು ಪೂರ್ತಿ ತೆರೆಯಲೂ ಆಗದೆ ಪೂರ್ತಿ ಮುಚ್ಚಲೂ ಆಗದೆ ಅರ್ಧಕ್ಕೆ ಬಿಟ್ಟಿದ್ದಳು. "ಚಳಿ ಆಗ್ತಿತ್ತು ಕಣೇ, ನೀನು ಏನ್ ಬೇಕಾದ್ರೂ ಅಂದ್ಕೋ ಅಂತ ಅಕ್ಕಂಗೆ ಹೇಳಿ ಮುಚ್ಚಿಬಿಟ್ಟೆ" ಎಂದಳು. ಎರಡರಿಂದ ಮೂರಕ್ಕೆ ಬರಲು ಅವಳಿಗೆ ಮೂವತ್ತಮೂರು ದಿನ ಹಿಡಿಯಿತು. ನನ್ನ ಬದುಕಿನಲ್ಲಿ ಅಷ್ಟು ದೊಡ್ಡ ಅಂಕವನ್ನು ನಾನು ಕೇಳಿಲ್ಲ. ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಹೇಳಿ, ಅದೇ ಉಸಿರಿನಲ್ಲಿ ನೀವು ಹೇಗಿದ್ದೀರಿ ಎಂದು ಕೇಳಿಯೂಬಿಟ್ಟೆ. ಅವರು ಬಹಳ ಹೊತ್ತು ಮಾತಾಡಿದರು. ಆ ಬಸ್ಸಿನಲ್ಲಿ ಮೂವತ್ತೆಂಟು ಸೀಟುಗಳಿವೆಯಂತೆ, ಯಾವ ಸೀಟಿನಲ್ಲಿ ಯಾವ ಮಗು ಕೂರುತ್ತಿತ್ತೆಂದು ಅವರಿಗೆ ಇನ್ನೂ ನೆನಪಿದೆಯಂತೆ.

ತಾವು ಮಾತ್ರ ಆ ಮೂರನ್ನು ಕೇಳಿ, ನಾಲ್ಕಕ್ಕಿಂತ ಕಡಿಮೆಯಿರುವ ಕಾರಣ ವಿಶ್ರಾಂತಿಯನ್ನು ಇನ್ನೂ ಹದಿನಾಲ್ಕು ದಿನ ವಿಸ್ತರಿಸಿ, ಜಲಪಾತ ಹಾಕಿದಿರಿ.

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ಬೇಡಿಕೆಗಳು ಹೀಗಿವೆ. ಅಂಚಕ್ಕನನ್ನು ಮೂರು ಎಂಬ ಅಂಕದ ಸಮೇತ ಕೆಲಸಕ್ಕೆ ಕರೆಸಿಕೊಳ್ಳತಕ್ಕದ್ದು. ಅವಳಿಗೆ ನಾಲ್ಕಾಗುವುದಿದ್ದರೆ ಅದು ಮೂರನೇ ಮೇಜಿನ ಆಚೆ ತುದಿಯಲ್ಲೇ ಆಗಬೇಕು. ಮನೆಯಲ್ಲಿ ಕೂತು ಆಗುವುದಾದರೆ ಲೋಕದಲ್ಲಿ ಈ ವರ್ಷ ಎಲ್ಲರೂ ಹತ್ತು ಆಗಿರಬೇಕಿತ್ತು. ಸ್ಟ್ಯಾಂಡುಗಳನ್ನು ಒದ್ದೆ ಮಾಸ್ಕು ಒಣಹಾಕಲು ಬಳಸಿಕೊಂಡು, ಮೇಜಿನ ನಡುವೆ ಒಂದು ಅಡ್ಡ ಸರಳು ಹಾಕಿಸಿ, ಮೆಟ್ಟಿಲ ಕಟಕಟೆಯ ಪದ್ಧತಿಯಲ್ಲಿ ಇಬ್ಬಿಬ್ಬರು ಮಡಿಸಲು ಅಪ್ಪಣೆ ಕೊಡತಕ್ಕದ್ದು. ಸರಳನ್ನು ಅಂಚೆಯವರು ಉಚಿತವಾಗಿ ಕೊಡುತ್ತಾರಂತೆ, ಅವರಲ್ಲಿ ಹಳೆಯ ಪರದೆ ಸರಳು ಇದೆ. ಇನ್ನೊಂದು, ತಾವು ಅಂಕ ಕೇಳಿದ ಮೇಲೆ ಒಂದು ನಿಮಿಷ ಏನೂ ಮಾಡದೆ, ಹೂ ಉದುರಿಸದೆ, ಸೂರ್ಯನನ್ನು ಹುಟ್ಟಿಸದೆ, ಸುಮ್ಮನೆ ನಿಲ್ಲುವುದನ್ನು ಕಲಿಯಬೇಕು. ಇದು ಕಷ್ಟವೆಂದು ಬಲ್ಲೆ, ನಾನೇ ಹನ್ನೊಂದು ವಾರ ಕಲಿಯದೆ ಇದ್ದವಳು. ಕೊನೆಯದಾಗಿ, ನಲವತ್ತೆರಡು ದೇಶಗಳಲ್ಲಿ ಹಗಲಿಡೀ ಈ 'ಏಳು' ಎಂಬುದನ್ನೇ ಕೇಳಿ ಕೇಳಿ ತಮ್ಮ ಮನಸ್ಸು ಹೇಗಿದೆಯೋ ಏನೋ. ಒಂದರಿಂದ ಹತ್ತರೊಳಗೆ ತಿಳಿಸಿದರೆ ಉಪಕಾರವಾಗುತ್ತದೆ. ಕಡಿಮೆ ಇದ್ದರೂ ಸಂಕೋಚ ಬೇಡ, ನಾವು ಮನೆಗೆ ಕಳಿಸುವುದಿಲ್ಲ.

ಸದಾ ತಮ್ಮ ಹಸಿರು ದೀಪದ ಆಕಾಂಕ್ಷಿಯಾಗಿರುವ,

ತಮ್ಮ ವಿಶ್ವಾಸಿ,
ಮೂರನೇ ಮೇಜಿನ ಈಚೆ ತುದಿ,
ಮಡಿಸುವ ವಿಭಾಗ

ಮರೆತ ಮಾತು: ನಿನ್ನೆ ಪಾಳಿ ಮುಗಿದ ಮೇಲೆ ನಾವು ನಲವತ್ತು ಮಂದಿ ಹಿಂದಿನ ಅಂಗಳದಲ್ಲಿ ಆರಡಿಗೊಬ್ಬರಂತೆ ನಿಂತು, ತಾವು ಬೆಳಿಗ್ಗೆ ಕೇಳುವ ಪ್ರಶ್ನೆಯನ್ನೇ ಒಬ್ಬರನ್ನೊಬ್ಬರು ಕೇಳಿಕೊಂಡೆವು. ಒಂದೂವರೆ ಗಂಟೆ ಹಿಡಿಯಿತು. ಏಳು ಒಬ್ಬರದೂ ಇರಲಿಲ್ಲ. ಹಬೆಯಣ್ಣನದು ಮೂರು, ನನ್ನದೂ ಮೂರು. ಎಲ್ಲರಿಗಿಂತ ಕಡಿಮೆ ಬಂದದ್ದು ಹಳದಿ ಪಟ್ಟಿ ಅಂಟಿಸಿದ ಸೂಪರ್‌ವೈಸರ್ ಸಾಹೇಬರಿಗೆ. ಅವರಿಗೆ ಕುರ್ಚಿ ತಂದುಕೊಟ್ಟು, ನೀರು ಕೊಟ್ಟು, ಪೂರ್ತಿ ಕೇಳಿದೆವು. ನಾಳೆ ಬೆಳಿಗ್ಗೆ ಆರೂವರೆಗೆ ಅವೇ ಅಂಕಗಳನ್ನು ತಮಗೂ ಹೇಳಲಿದ್ದೇವೆ. ನಲವತ್ತರಲ್ಲಿ ಇಪ್ಪತ್ತೊಂಬತ್ತು ಮಂದಿ ನಾಲ್ಕಕ್ಕಿಂತ ಕೆಳಗಿರುವುದರಿಂದ ಚೀಟಿಯ ಕಾಗದ ಸಾಲದೆ ಹೋದೀತು, ಮುಂಚಿತವಾಗಿ ತುಂಬಿಸಿಕೊಳ್ಳಿ. ರೋಗಿಗಳಿಗೆ ತೊಂದರೆಯಾಗಬಾರದೆಂದು ಮೂರು ದಿನಕ್ಕಾಗುವಷ್ಟು ಶೀಟುಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟಿದ್ದೇವೆ. ಅಷ್ಟರೊಳಗೆ ನಮ್ಮನ್ನು ಕರೆಸುವ ಮನಸ್ಸಾದರೆ ಅಂಚಕ್ಕನಿಂದ ಶುರುಮಾಡಿ. ಮನಸ್ಸಾಗದಿದ್ದರೆ, ನಾಲ್ಕನೆಯ ದಿನ ಆ ಶೀಟುಗಳು ಮುಗಿದಾಗ ಮೂರನೇ ಮೇಜಿನ ಎರಡು ತುದಿಗಳೂ ಖಾಲಿ ಇರುತ್ತವೆ, ತಮಗೆ ಅನುಕೂಲವಾದದ್ದನ್ನು ಹಿಡಿಯಬಹುದು.